ಯಾರೋ ತೆಗೆದ ಫೋಟೋಗೆ ಟ್ರಾಫಿಕ್ ದಂಡ ಬಂದಿದೆಯೇ? ತಕರಾರು ಹಾಕುವುದು ಹೀಗೆ

ಬೆಂಗಳೂರಿನಲ್ಲಿ ದಂಡ ಬೀಳಬೇಕಾದರೆ ಪೊಲೀಸರೇ ಎದುರಿಗೆ ನಿಂತಿರಬೇಕು ಅಂತೇನಿಲ್ಲ. ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ನಿಂತ ಕಾರಿನವರೋ, ಫುಟ್‌ಪಾತ್‌ನಲ್ಲಿ ನಡೆದು ಹೋಗುತ್ತಿದ್ದವರೋ ಒಂದು ಫೋಟೋ ತೆಗೆದು ಕಳಿಸಿದರೆ ಸಾಕು, ಮನೆಗೆ ನೋಟಿಸ್ ಬರಬಹುದು. ಜನಾಗ್ರಹ ಸಂಸ್ಥೆ ಮತ್ತು ಬೆಂಗಳೂರು ಸಂಚಾರ ಪೊಲೀಸರು ಸೇರಿ 2015ರಲ್ಲಿ 'ಪಬ್ಲಿಕ್ ಐ' ಆ್ಯಪ್ ತಂದಾಗಿನಿಂದ ಈ ದಾರಿ ಇದೆ. ಈಗ ಪೊಲೀಸರದೇ ಆದ 'ಬಿಟಿಪಿ ಅಸ್ತ್ರಂ' ಆ್ಯಪ್‌ನಲ್ಲೂ ಸಾರ್ವಜನಿಕರು ದೂರು ಕೊಡಬಹುದು. ದೂರು ಕೊಟ್ಟವರು ದಂಡ ಹಾಕುವುದಿಲ್ಲ. ಅವರು ಫೋಟೋ, ಜಾಗ, ಗಾಡಿ ನಂಬರ್ ಕಳಿಸುತ್ತಾರೆ. ಪೊಲೀಸ್ ಸಿಬ್ಬಂದಿ ಅದನ್ನು ನೋಡಿ, ಸರಿ ಅನ್ನಿಸಿದರೆ ಆರ್‌ಸಿಯಲ್ಲಿರುವ ಮಾಲೀಕರ ಹೆಸರಿಗೆ ನೋಟಿಸ್ ಕಳಿಸುತ್ತಾರೆ.

ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಫುಟ್‌ಪಾತ್ ಮೇಲೆ ಬೈಕ್ ನುಗ್ಗಿಸುವವರ ಫೋಟೋ ತೆಗೆಯುವವರು ಇನ್ನೂ ಜಾಸ್ತಿ ಆಗಲಿ. ಆದರೆ ಒಂದು ಫೋಟೋ ಅಂದರೆ ಒಂದು ಕ್ಷಣ, ಒಂದು ಕೋನ, ಅಷ್ಟೇ. ಅದರ ಮುಂಚಿನ ಕ್ಷಣ ಅದರಲ್ಲಿ ಇರುವುದಿಲ್ಲ. ನೀವು ತಪ್ಪು ಮಾಡಿಲ್ಲ ಅನ್ನೋದು ನಿಮಗೆ ಗೊತ್ತಿದ್ದರೆ, ತಕರಾರು ಹಾಕುವುದು ನಿಮ್ಮ ಹಕ್ಕು. ಫೋಟೋ ತೆಗೆದವರ ಮೇಲೆ ಸಿಟ್ಟು ಮಾಡಿಕೊಂಡರೆ ಕೆಲಸ ಆಗುವುದಿಲ್ಲ. ಫೋಟೋದಲ್ಲಿ ಏನಿದೆ, ಏನಿಲ್ಲ ಅಂತ ತೋರಿಸಿದರೆ ಆಗುತ್ತದೆ.

1. ಮೊದಲು ನೋಟಿಸ್ ಅಸಲಿಯೋ ನಕಲಿಯೋ ನೋಡಿ

ವಾಟ್ಸಾಪ್‌ನಲ್ಲಿ 'ನಿಮ್ಮ ಚಲನ್ ನೋಡಲು ಈ ಫೈಲ್ ಇನ್‌ಸ್ಟಾಲ್ ಮಾಡಿ' ಅಂತ ಎಪಿಕೆ ಫೈಲ್ ಬಂದಿದ್ದರೆ ಅದನ್ನು ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವವರ ಕೆಲಸ. ಈಗಾಗಲೇ ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಕೂಡ ಬೇಡ. ನೀವೇ ಬೆಂಗಳೂರು ಸಂಚಾರ ಪೊಲೀಸರ ತಾಣಕ್ಕೋ, ಕೇಂದ್ರದ ಪರಿವಾಹನ್ ಇ-ಚಲನ್ ತಾಣಕ್ಕೋ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ಅಲ್ಲಿ ಕಾಣಿಸಿದರೆ ಮಾತ್ರ ಮುಂದಿನ ಮಾತು.

2. ದಂಡ ಕಟ್ಟಬೇಡಿ, ಸುಮ್ನೆ ಬಿಡಲೂ ಬೇಡಿ

'ಐನೂರು ರೂಪಾಯಿ ತಾನೇ, ಕಟ್ಟಿ ಆಮೇಲೆ ಕೇಳೋಣ' ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ದಂಡ ಕಟ್ಟಿದರೆ ಪ್ರಕರಣ ರಾಜಿಯಾಗಿ ಅಲ್ಲಿಗೇ ಮುಗಿಯುತ್ತದೆ. ಮುಗಿದದ್ದರ ಬಗ್ಗೆ ಆಮೇಲೆ ತಕರಾರು ಹಾಕುವುದು ಬಲು ಕಷ್ಟ. ಕರ್ನಾಟಕದಲ್ಲಿ ಆಗಾಗ ಬಾಕಿ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಬರುತ್ತದೆ. 2023ರ ಫೆಬ್ರವರಿಯಲ್ಲಿ ಬಂದಿತ್ತು, 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಬಂದಿತ್ತು. ಆ ಗಡಿಬಿಡಿಯಲ್ಲಿ ನಿಮ್ಮದಲ್ಲದ ಚಲನ್ ಕೂಡ ಒಟ್ಟಿಗೇ ಕಟ್ಟಿಬಿಡಬೇಡಿ. ಪಟ್ಟಿಯಲ್ಲಿ ಒಂದೊಂದನ್ನೂ ತೆರೆದು ನೋಡಿ.

ಹಾಗಂತ ಸುಮ್ಮನೆ ಕೂತರೆ ಅದು ಇನ್ನೊಂದು ತೊಂದರೆ. ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಅಂತ ನೋಟಿಸ್‌ನಲ್ಲಿ ಬರೆದಿದ್ದರೆ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈ ನಿಯಮಗಳು ಬದಲಾಗುತ್ತಾ ಇರುತ್ತವೆ. ಸ್ನೇಹಿತರು ಹೇಳಿದ ಗಡುವು ಬೇಡ, ನಿಮ್ಮ ಕೈಯಲ್ಲಿರುವ ಕಾಗದದ ಗಡುವು ನೋಡಿ.

3. ಫೋಟೋವನ್ನು ದೊಡ್ಡದು ಮಾಡಿ ಓದಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಮೊಬೈಲಿನ ಸಣ್ಣ ಪರದೆಯಲ್ಲಿ ಆಗುವುದಿಲ್ಲ, ಕಂಪ್ಯೂಟರಿನಲ್ಲಿ ತೆರೆಯಿರಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ನಾಲ್ಕು ಪ್ರಶ್ನೆ ಬರೆಯಿರಿ: ಗಾಡಿ ನನ್ನದಾ? ಜಾಗ, ಹೊತ್ತು ಸರಿ ಇದೆಯಾ? ಹಾಕಿರುವ ಆರೋಪ ಫೋಟೋದಲ್ಲಿ ಕಾಣುತ್ತದಾ? ಹಾಗೆ ಮಾಡಲು ಕಾರಣ ಏನಾದರೂ ಇತ್ತಾ?

ಗಾಡಿಯದ್ದು ಮೊದಲು. ನಂಬರ್ ತಪ್ಪಾಗಿ ಓದುವುದು ತೀರಾ ಸಾಮಾನ್ಯ. 8 ಮತ್ತು 'ಬಿ', 0 ಮತ್ತು 'ಡಿ', 'ಎಂ' ಮತ್ತು 'ಎಚ್', 'ಇ' ಮತ್ತು 'ಎಫ್' ಇಂಗ್ಲಿಷ್ ಪ್ಲೇಟಿನಲ್ಲಿ ದೂರದಿಂದ ಒಂದೇ ಥರ ಕಾಣುತ್ತವೆ. ಕೆಎ 05 ಜಯನಗರದ್ದು, ಕೆಎ 03 ಇಂದಿರಾನಗರದ್ದು. 5ರ ಮೇಲೆ ಸ್ವಲ್ಪ ಕೆಸರು ಹಾರಿದ್ದರೂ ಅದು 3 ಆಗಿಬಿಡುತ್ತದೆ. ನಂಬರ್ ಓದಿ ನಿಲ್ಲಿಸಬೇಡಿ. ಕಂಪನಿ, ಮಾಡೆಲ್, ಬಣ್ಣ ನಿಮ್ಮ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದುತ್ತದಾ ನೋಡಿ. ಹಿಂದಿನ ಗಾರ್ಡ್, ಮಡ್‌ಫ್ಲಾಪ್, ಸ್ಟಿಕರ್, ಸೀಟ್ ಕವರ್, ಬಂಪರಿನ ನೆಗ್ಗು, ಎಲ್ಲವನ್ನೂ ಹೋಲಿಸಿ. ನಂಬರ್ ಸರಿಯಾಗಿ ನಿಮ್ಮದೇ ಇದ್ದು, ಗಾಡಿ ಮಾತ್ರ ಬೇರೆ ಇದ್ದರೆ ಯಾರೋ ನಿಮ್ಮ ನಂಬರ್ ಪ್ಲೇಟ್ ನಕಲು ಮಾಡಿ ಓಡಿಸುತ್ತಿದ್ದಾರೆ ಅಂತ ಅರ್ಥ. ಅದು ಚಲನ್‌ಗಿಂತ ದೊಡ್ಡ ವಿಷಯ. ಅವತ್ತೇ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಇಲ್ಲದಿದ್ದರೆ ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೂ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟಿನ ಮೇಲೆ ಲೇಸರ್‌ನಲ್ಲಿ ಕೆತ್ತಿದ ಗುರುತಿನ ಸಂಖ್ಯೆ ಇರುತ್ತದೆ. ನಿಮ್ಮ ಪ್ಲೇಟಿನ ಸಂಖ್ಯೆಯ ಫೋಟೋ ತೆಗೆದು ದೂರಿನ ಜೊತೆ ಇಡಿ.

ಈಗ ಆರೋಪ. ಒಂದು ಉದಾಹರಣೆ ಹಿಡಿದೇ ನೋಡೋಣ. ಚಲನ್‌ನಲ್ಲಿ 'ಸಿಗ್ನಲ್ ಜಂಪ್' ಅಂತಿದೆ. ಫೋಟೋದಲ್ಲಿ ನಿಮ್ಮ ಸ್ಕೂಟರ್ ಹಿಂದಿನಿಂದ ಕಾಣುತ್ತದೆ, ಮುಂದಿನ ಚಕ್ರ ಜೀಬ್ರಾ ಪಟ್ಟಿಯ ಮೇಲಿದೆ. ಸಿಗ್ನಲ್ ಕಂಬ ಫೋಟೋದ ಆಚೆ ಉಳಿದಿದೆ. ಕೆಂಪು ಇತ್ತೋ ಹಸಿರು ಇತ್ತೋ ಈ ಫೋಟೋ ಹೇಳುವುದಿಲ್ಲ. ನಿಮ್ಮ ಮುಖ್ಯ ಅಂಶ ಇದೇ. ಆದರೆ ಅಲ್ಲಿಗೇ ನಿಲ್ಲಿಸದೆ ಎದುರಿನವರ ಕಣ್ಣಲ್ಲೂ ನೋಡಿ. ಪಕ್ಕದ ಕಾರುಗಳ ಬ್ರೇಕ್ ಲೈಟ್ ಉರಿಯುತ್ತಿದೆಯಾ? ಜೀಬ್ರಾ ಮೇಲೆ ಜನ ದಾಟುತ್ತಿದ್ದಾರಾ? ಹಾಗಿದ್ದರೆ ಕೆಂಪು ಇದ್ದಿರಬೇಕು ಅಂತ ಯಾರಾದರೂ ಊಹಿಸುತ್ತಾರೆ. ಜೊತೆಗೆ, ಸಿಗ್ನಲ್ ಜಂಪ್ ಆಗಿಲ್ಲ ಅಂತ ನೀವು ಒಪ್ಪಿಸಿದರೂ ಪಟ್ಟಿಯ ಮೇಲೆ ಚಕ್ರ ಇಟ್ಟದ್ದು ಕಣ್ಣೆದುರೇ ಇದೆ. ಅದು ಬೇರೆಯೇ ತಪ್ಪು. ಅದಕ್ಕೂ ಉತ್ತರ ಇಟ್ಟುಕೊಂಡೇ ಹೋಗಿ.

ಉತ್ತರ ಏನಿರಬಹುದು? ಹಿಂದೆ ಆಂಬುಲೆನ್ಸ್ ಸೈರನ್ ಹಾಕಿಕೊಂಡು ಬರುತ್ತಿತ್ತು, ಜಾಗ ಬಿಡಲು ಮುಂದೆ ಸರಿದಿರಿ. ಕಾಯ್ದೆಯ 194ಇ ಸೆಕ್ಷನ್ ಪ್ರಕಾರ ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಇದೆ. ಜಾಗ ಬಿಟ್ಟರೆ ಒಂದು ದಂಡ, ಬಿಡದಿದ್ದರೆ ಇನ್ನೊಂದು ಅಂದರೆ ಹೇಗೆ ಅಂತ ಧೈರ್ಯವಾಗಿ ಕೇಳಬಹುದು. ಪೊಲೀಸ್‌ನವರೇ ಕೈಸನ್ನೆ ಮಾಡಿ ಮುಂದೆ ಬರಲು ಹೇಳಿದ್ದರೂ ಅಷ್ಟೇ.

ಉಳಿದ ಆರೋಪಗಳು ಬೇಗ ಬೇಗ. ಒನ್‌ವೇ ಅಂತ ಹಾಕಿದ್ದರೆ, ನಿಂತ ಗಾಡಿಯ ಒಂದೇ ಫೋಟೋದಿಂದ ಅದು ಯಾವ ಕಡೆಗೆ ಹೋಗುತ್ತಿತ್ತು ಅಂತ ಗೊತ್ತಾಗುವುದಿಲ್ಲ. ನೋ ಪಾರ್ಕಿಂಗ್ ಇದ್ದರೆ ಬೋರ್ಡ್ ಎಲ್ಲಿದೆ, ಮರದ ಕೊಂಬೆ ಮುಚ್ಚಿದೆಯಾ ನೋಡಿ. ಫುಟ್‌ಪಾತ್ ಮೇಲೆ ನಿಲ್ಲಿಸಿದ್ದರೆ ಮಾತ್ರ 'ಬೋರ್ಡ್ ಇರಲಿಲ್ಲ ಸಾರ್' ಅನ್ನುವ ಮಾತು ನಡೆಯುವುದಿಲ್ಲ, ಅಲ್ಲಿಗೆ ಬೋರ್ಡೇ ಬೇಕಾಗಿಲ್ಲ. ಫೋನ್ ಬಳಕೆ ಅಂತ ಇದ್ದು, ಫೋನ್ ಹ್ಯಾಂಡಲ್ ಮೇಲಿನ ಸ್ಟ್ಯಾಂಡಿನಲ್ಲಿ ಮ್ಯಾಪ್ ತೋರಿಸುತ್ತಿದ್ದರೆ, ದಾರಿ ನೋಡಲಿಕ್ಕೆ ಮಾತ್ರ ಅದಕ್ಕೆ ಅವಕಾಶ ಇದೆ. 2020ರ ಅಕ್ಟೋಬರ್‌ನಿಂದ ಕೇಂದ್ರದ ನಿಯಮದಲ್ಲೇ ಅದನ್ನು ಸೇರಿಸಿದ್ದಾರೆ.

ಅತಿವೇಗದ್ದು ಬೇರೆ ಕಥೆ. ದಾರಿಹೋಕರೊಬ್ಬರು 'ತುಂಬಾ ಸ್ಪೀಡಾಗಿ ಹೋದ' ಅಂದರೆ ಸಾಲುವುದಿಲ್ಲ. ಒಬ್ಬ ಸಾಕ್ಷಿಯ ಅಂದಾಜಿನ ಮೇಲೆ ಮಾತ್ರ ವೇಗದ ತಪ್ಪಿಗೆ ಶಿಕ್ಷೆ ಕೊಡುವಂತಿಲ್ಲ, ಅಳತೆಯ ಯಂತ್ರದ ಆಧಾರ ಬೇಕು ಅಂತ ಕಾಯ್ದೆಯ 183(3) ಸ್ಪಷ್ಟವಾಗಿ ಹೇಳುತ್ತದೆ. ನಾಗರಿಕರ ದೂರಿನ ವಿಷಯದಲ್ಲಿ ಇಷ್ಟು ನೇರವಾಗಿ ನಿಮ್ಮ ಕಡೆ ನಿಲ್ಲುವ ಸಾಲು ಇಡೀ ಕಾಯ್ದೆಯಲ್ಲಿ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ನೋಟಿಸ್‌ನಲ್ಲಿ ಸಂಜೆ 6:40 ಅಂತಿದ್ದು ಫೋಟೋದಲ್ಲಿ ನೆತ್ತಿಯ ಬಿಸಿಲು, ಕಾಲ ಬುಡದಲ್ಲೇ ನೆರಳು ಇದ್ದರೆ ಎಲ್ಲೋ ಏನೋ ತಪ್ಪಿದೆ. ಫೋಟೋ ತೆಗೆದ ಹೊತ್ತು ಬೇರೆ, ಅಪ್‌ಲೋಡ್ ಮಾಡಿದ ಹೊತ್ತು ಬೇರೆ ಇರಬಹುದು. ಹಿಂದಿನ ಅಂಗಡಿ ಬೋರ್ಡ್ ಓದಿ ಜಾಗ ಸರಿ ಇದೆಯಾ ಅಂತಲೂ ನೋಡಿ.

4. ನಿಮ್ಮ ಕಡೆಯ ದಾಖಲೆ ಸೇರಿಸಿ

ಚಲನ್ ಮತ್ತು ಫೋಟೋದ ಸ್ಕ್ರೀನ್‌ಶಾಟ್ ಮೊದಲು ತೆಗೆದಿಟ್ಟುಕೊಳ್ಳಿ. ಆಮೇಲೆ ಫೋಟೋದಲ್ಲಿರುವ ಕೋನದಿಂದಲೇ ನಿಮ್ಮ ಗಾಡಿಯ ಫೋಟೋ ತೆಗೆಯಿರಿ, ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗೇ ಕಾಣಬೇಕು. ಆ ಜಾಗಕ್ಕೆ ಹೋಗಿ ಸಿಗ್ನಲ್ ಎಲ್ಲಿದೆ, ಸ್ಟಾಪ್ ಲೈನ್ ಅಳಿಸಿ ಹೋಗಿದೆಯಾ ಅಂತ ಫೋಟೋ ಮಾಡಿ. ಬೇಗ ಹೋಗಿ. ಹೊಸದಾಗಿ ಬಣ್ಣ ಬಳಿದರೆ ಆ ಸಾಕ್ಷಿ ಹೋಯಿತು.

ಆ ಹೊತ್ತಿನಲ್ಲಿ ಗಾಡಿ ಬೇರೆಲ್ಲೋ ಇತ್ತು ಅಂತಾದರೆ ಕಾಗದ ಬೇಕು. ಕಾರಾದರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಅಂಥ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಎಲೆಕ್ಟ್ರಾನಿಕ್ ಸಿಟಿ ಟೋಲ್ ದಾಟಿದ ಗಾಡಿ ಅದೇ ನಿಮಿಷಕ್ಕೆ ಹೆಬ್ಬಾಳದಲ್ಲಿ ಇರಲು ಆಗುವುದಿಲ್ಲ ಅಲ್ವಾ? ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್, ಆಫೀಸ್ ಪಾರ್ಕಿಂಗಿನ ಎಂಟ್ರಿ, ಅಪಾರ್ಟ್‌ಮೆಂಟ್ ಗೇಟಿನ ಸಿಸಿಟಿವಿ ಕೂಡ ಆಗುತ್ತವೆ. ಸಿಸಿಟಿವಿ ಬೇಗ ಅಳಿಸಿ ಹೋಗುತ್ತದೆ, ಅದನ್ನು ಮೊದಲು ಕೇಳಿ. ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡ್ ತೆಗೆದಿಡಿ, ಇಲ್ಲದಿದ್ದರೆ ಅದರ ಮೇಲೇ ಮತ್ತೆ ರೆಕಾರ್ಡ್ ಆಗುತ್ತದೆ.

ಗಾಡಿ ಮಾರಿದ್ದೀರಿ, ಆದರೆ ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆಯಾ? ಮಾರಿದ ಪತ್ರ, ಫಾರಂ 29, 30ರ ಪ್ರತಿ ಹುಡುಕಿ, ಆರ್‌ಟಿಒ ಕೆಲಸವನ್ನೂ ಜೊತೆಜೊತೆಗೆ ಮುಗಿಸಿ.

ಗಾಡಿ ನಿಮ್ಮದೇ, ಓಡಿಸಿದ್ದು ಬೇರೆಯವರು ಅಂತಾದರೆ ಸ್ವಲ್ಪ ಹುಷಾರು. ಓಡಿಸಿದವರು ಯಾರು ಅಂತ ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು, 133ನೇ ಸೆಕ್ಷನ್ ಹಾಗೆನ್ನುತ್ತದೆ. ಬೇಕಂತಲೇ ಮುಚ್ಚಿಟ್ಟರೆ ಅಥವಾ ಸುಳ್ಳು ಹೇಳಿದರೆ 179ರ ಕೆಳಗೆ ಅದೇ ಬೇರೆ ತಪ್ಪಾಗುತ್ತದೆ. ಮಗನನ್ನು ಉಳಿಸಲು ಭಾವಮೈದುನನ ಹೆಸರು ಕೊಡುವ ಕೆಲಸ ಬೇಡ.

5. ಅರ್ಜಿ ಬರೆಯಿರಿ

ಚಲನ್‌ನಲ್ಲಿ ಸಂಚಾರ ಠಾಣೆಯ ಹೆಸರು ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಇನ್‌ಫೆಂಟ್ರಿ ರಸ್ತೆಯ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರಿಗೆ ಕೊಡಿ. ಇಮೇಲ್ ಮಾಡಿದರೂ ಒಂದು ಪ್ರತಿ ಕೈಯಾರೆ ಕೊಡುವುದು ಒಳ್ಳೆಯದು. ಉದ್ದ ಬೇಡ, ಒಂದು ಪುಟ ಸಾಕು. ಹೀಗೆ:

"ಗೆ, ಪೊಲೀಸ್ ಇನ್‌ಸ್ಪೆಕ್ಟರ್, (ಠಾಣೆಯ ಹೆಸರು) ಸಂಚಾರ ಪೊಲೀಸ್ ಠಾಣೆ, ಬೆಂಗಳೂರು.

ಮಾನ್ಯರೇ,

ವಿಷಯ: ನೋಟಿಸ್ ಸಂಖ್ಯೆ ____, ದಿನಾಂಕ ____, ಇದನ್ನು ರದ್ದು ಮಾಡಲು ಕೋರಿ.

ನನ್ನ ವಾಹನ ಸಂಖ್ಯೆ ____ಕ್ಕೆ ಸಿಗ್ನಲ್ ಉಲ್ಲಂಘನೆಯ ನೋಟಿಸ್ ಬಂದಿದೆ. ಇದು ಸಾರ್ವಜನಿಕರು ಕಳಿಸಿದ ಫೋಟೋ ಆಧರಿಸಿದೆ. ಆ ಫೋಟೋದಲ್ಲಿ ಸಿಗ್ನಲ್ ದೀಪ ಕಾಣಿಸುವುದಿಲ್ಲ. ಅದೇ ಸಮಯದಲ್ಲಿ ಹಿಂದಿನಿಂದ ಬಂದ ಆಂಬುಲೆನ್ಸಿಗೆ ದಾರಿ ಬಿಡಲು ನಾನು ಸ್ಟಾಪ್ ಲೈನ್ ದಾಟಿದ್ದೆ. ಡ್ಯಾಶ್‌ಕ್ಯಾಮ್ ವಿಡಿಯೊ ಮತ್ತು ಜಾಗದ ಫೋಟೋ ಲಗತ್ತಿಸಿದ್ದೇನೆ. ಆ ಜಂಕ್ಷನ್ನಿನ ಪೊಲೀಸ್ ಕ್ಯಾಮೆರಾದ ದೃಶ್ಯ ಪರಿಶೀಲಿಸಿ, ಅದನ್ನು ಅಳಿಸದೆ ಇಟ್ಟುಕೊಂಡು, ನೋಟಿಸ್ ರದ್ದು ಮಾಡಬೇಕೆಂದು ಕೋರುತ್ತೇನೆ."

ಕೊನೆಯ ಸಾಲು ಮುಖ್ಯ. ಜಂಕ್ಷನ್ ಕ್ಯಾಮೆರಾದ ದೃಶ್ಯ ನಿಮ್ಮ ಕೈಗೆ ಸಿಗುವುದಿಲ್ಲ, ಅವರ ಕೈಯಲ್ಲಿದೆ. ಅದನ್ನು ಉಳಿಸಿಡಿ ಅಂತ ನೀವು ಬರೆದು ಕೊಟ್ಟದ್ದು ದಾಖಲೆಯಲ್ಲಿ ಇರಬೇಕು. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. 'ಇಟ್ಟು ಹೋಗಿ ಸಾರ್, ನೋಡ್ತೀವಿ' ಅಂದರೆ ನಗುನಗುತ್ತಾ ನಿಂತೇ ಇರಿ. ಸೀಲಿಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ.

ದೂರು ಕೊಟ್ಟವರ ಹೆಸರು ಕೇಳಬೇಡಿ, ಹುಡುಕಲೂ ಹೋಗಬೇಡಿ. ಎದುರು ಮನೆಯವರೇ ಅಂತ ಗುಮಾನಿ ಬಂದರೂ ಅವರ ಗೇಟಿನ ಮುಂದೆ ಹೋಗಿ ಕೂಗಾಡಬೇಡಿ. 500 ರೂಪಾಯಿಯ ಚಲನ್ ಹೋಗಿ ಬೆದರಿಕೆಯ ಕೇಸ್ ಬಂದೀತು.

6. ದಾಖಲೆ ಬೇಕಾದರೆ ಆರ್‌ಟಿಐ

ಠಾಣೆಯಿಂದ ಉತ್ತರ ಬರಲಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೂಲ ಫೋಟೋದ ಪ್ರತಿ, ಅದು ಇಲಾಖೆಗೆ ಬಂದ ತಾರೀಖು ಮತ್ತು ಹೊತ್ತು, ಪರಿಶೀಲಿಸಿದ ಅಧಿಕಾರಿಯ ಹುದ್ದೆ, ನಿಮ್ಮ ಅರ್ಜಿಯ ಮೇಲೆ ಏನು ಕ್ರಮ ಆಯಿತು, ಇಷ್ಟು ಕೇಳಿ. ಇಲ್ಲೂ ದೂರುದಾರರ ಹೆಸರು ಕೇಳಿದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ತೋರಿಸಿ ಕೊಡುವುದಿಲ್ಲ ಅನ್ನುತ್ತಾರೆ. ಗುಟ್ಟಾಗಿ ಮಾಹಿತಿ ಕೊಟ್ಟವರನ್ನು ಕಾಪಾಡಲು ಆ ಕಲಮು ಇದೆ, ಇರಲೂಬೇಕು.

7. ಕೋರ್ಟಿಗೆ ಹೋದರೆ

ದಂಡ ಕಟ್ಟದೆ ಉಳಿದ ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನ್ ಕೋರ್ಟಿಗೆ ಹೋಗಬಹುದು. ಅದರ ತಾಣದಲ್ಲಿ ನಿಮ್ಮ ಪ್ರಕರಣ ತೆರೆದರೆ ಎರಡು ಆಯ್ಕೆ ಕಾಣುತ್ತವೆ: ದಂಡ ಕಟ್ಟುವುದು, ಇಲ್ಲವೇ ತಕರಾರು ಹಾಕುವುದು. ಎರಡನೆಯದನ್ನು ಒತ್ತಿದರೆ ಪ್ರಕರಣ ಮಾಮೂಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ. ಸಮನ್ಸ್ ಬಂದ ದಿನ ಹೋಗಿ 'ತಪ್ಪು ಒಪ್ಪಿಕೊಳ್ಳುವುದಿಲ್ಲ' ಅಂತ ಹೇಳಬೇಕು. ಒಂದೇ ದಿನಕ್ಕೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ವಕೀಲರು ಕಡ್ಡಾಯ ಅಲ್ಲ, ಇದ್ದರೆ ಅನುಕೂಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿ ಕೇಳಿ.

ತಪ್ಪಾಗಿದೆ ಅಂತ ಸಾಬೀತು ಮಾಡಬೇಕಾದವರು ಪೊಲೀಸರು. ನಾಗರಿಕರ ಫೋಟೋದಲ್ಲಿ ನಿಮಗೆ ಸಿಗುವ ಹಿಡಿತಗಳು ಇವು.

ಫೋಟೋ ಒಂದು ಎಲೆಕ್ಟ್ರಾನಿಕ್ ದಾಖಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅಂಥ ದಾಖಲೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಎರಡು ಭಾಗ ಇರುತ್ತದೆ. ಯಾವ ಸಾಧನದಿಂದ ಬಂತು, ಫೈಲ್ ಬದಲಾಗಿಲ್ಲ ಅನ್ನೋದಕ್ಕೆ ಹ್ಯಾಶ್ ಸಂಖ್ಯೆ ಏನು ಅಂತ ಅದರಲ್ಲಿ ಬರೆದಿರಬೇಕು. ಪ್ರಮಾಣಪತ್ರ ಎಲ್ಲಿ ಅಂತ ಕೇಳಿ.

ರಸ್ತೆಯ ಕ್ಯಾಮೆರಾಗಳಿಗೆ ಕೇಂದ್ರ ಮೋಟಾರು ವಾಹನ ನಿಯಮದ 167ಎ ಇದೆ, 2021ರಲ್ಲಿ ಬಂದದ್ದು. ಸಾಧನಕ್ಕೆ ಮಂಜೂರಾತಿ ಪ್ರಮಾಣಪತ್ರ ಇರಬೇಕು, 15 ದಿನದೊಳಗೆ ನೋಟಿಸ್ ಕಳಿಸಬೇಕು, ಚಲನ್ ಮುಗಿಯುವವರೆಗೆ ದಾಖಲೆ ಇಟ್ಟಿರಬೇಕು. ದಾರಿಹೋಕರ ಮೊಬೈಲಿಗೆ ಅಂಥ ಮಂಜೂರಾತಿ ಎಲ್ಲಿಂದ ಬರಬೇಕು? ಆದ್ದರಿಂದ ಆ ಫೋಟೋವನ್ನು ಕ್ಯಾಮೆರಾದ ಸಾಕ್ಷಿಯಂತೆ ನೋಡಬಾರದು, ತೆಗೆದವರೇ ಬಂದು ಹೇಳಬೇಕು ಅಂತ ವಾದಿಸಬಹುದು. ಈ ವಾದವನ್ನು ಮ್ಯಾಜಿಸ್ಟ್ರೇಟರು ಒಪ್ಪಲೇಬೇಕು ಅಂತಿಲ್ಲ. ಇದೊಂದನ್ನೇ ನಂಬಿ ಹೋಗಬೇಡಿ.

ಸೆಕ್ಷನ್ ಯಾವುದು ನೋಡಿ. ಕೆಂಪು ದೀಪ ದಾಟುವುದು, ಕೈಯಲ್ಲಿ ಫೋನ್ ಹಿಡಿದು ಓಡಿಸುವುದು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯ 184ರಲ್ಲಿ (ಅಪಾಯಕಾರಿ ಚಾಲನೆ) ಸೇರಿವೆ. 184ರ ಕೆಳಗೆ ಕೇಸ್ ಇದ್ದರೆ 209ನೇ ಸೆಕ್ಷನ್ ನಿಮ್ಮ ನೆರವಿಗೆ ಬರುತ್ತದೆ: ತಪ್ಪಾದ ಹೊತ್ತಿನಲ್ಲೇ ಎಚ್ಚರಿಸಿರಬೇಕು, ಇಲ್ಲವೇ 14 ದಿನದಲ್ಲಿ ನೋಟಿಸ್ ಕೊಟ್ಟಿರಬೇಕು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿರಬೇಕು, ಇಲ್ಲವೇ 28 ದಿನದಲ್ಲಿ ಸಮನ್ಸ್ ಮುಟ್ಟಿರಬೇಕು. ನಾಗರಿಕರ ದೂರಿನಲ್ಲಿ ಸ್ಥಳದಲ್ಲೇ ಎಚ್ಚರಿಸುವ ಪ್ರಶ್ನೆಯೇ ಇಲ್ಲ, ಹಾಗಾಗಿ ಲಕೋಟೆಯ ಮೇಲಿನ ಅಂಚೆ ಮುದ್ರೆ ಜೋಪಾನ. ಆದರೆ ಆರ್‌ಸಿಯಲ್ಲಿ ಹಳೇ ವಿಳಾಸ ಬಿಟ್ಟು ನೀವೇ ಮನೆ ಬದಲಿಸಿದ್ದರೆ ಈ ರಕ್ಷಣೆ ಸಿಗದೆ ಹೋಗಬಹುದು.

ಹಳೇ ಚಲನ್ ಆದರೆ ಇನ್ನೊಂದು ಅಂಶ. ಬರೀ ದಂಡದ ಶಿಕ್ಷೆ ಇರುವ ತಪ್ಪಿಗೆ ಆರು ತಿಂಗಳ ನಂತರ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ, ತಡವನ್ನು ಮನ್ನಿಸಿದ್ದರೆ ಮಾತ್ರ ಬೇರೆ. ತಾರೀಖು ಎಣಿಸಿ ನೋಡಿ.

ಫೋಟೋ ತೆಗೆದವರು ಸಾಕ್ಷಿ ಹೇಳಲು ಬಂದರೆ ಮರ್ಯಾದೆಯಿಂದ ಮಾತಾಡಿ. 'ನೀವು ಎಲ್ಲಿ ನಿಂತಿದ್ದಿರಿ? ಅಲ್ಲಿಂದ ಸಿಗ್ನಲ್ ಕಾಣುತ್ತಿತ್ತಾ? ನಡುವೆ ಬಸ್ ಇರಲಿಲ್ವಾ? ಎಷ್ಟು ಫೋಟೋ ತೆಗೆದಿರಿ, ಉಳಿದವು ಎಲ್ಲಿ?' ಇಂಥ ಸಣ್ಣ ಪ್ರಶ್ನೆಗಳೇ ಸಾಕು. ದೆಹಲಿಯ 'ಟ್ರಾಫಿಕ್ ಪ್ರಹರಿ' ಯೋಜನೆಯಲ್ಲಿ ಹೆಚ್ಚು ದೂರು ಕೊಟ್ಟವರಿಗೆ ತಿಂಗಳಿಗೆ 50,000 ರೂಪಾಯಿವರೆಗೆ ಬಹುಮಾನ ಇದೆ, ಅಲ್ಲಾದರೆ ಅದನ್ನೂ ಕೇಳಬಹುದು.

ಯಾವಾಗ ಸುಮ್ನೆ ಕಟ್ಟಬೇಕು

ಹೆಲ್ಮೆಟ್ ಹ್ಯಾಂಡಲಿಗೆ ನೇತು ಹಾಕಿಕೊಂಡು ಹೋಗುತ್ತಿದ್ದದ್ದು ನಿಮ್ಮ ಮುಖದ ಸಮೇತ ಫೋಟೋದಲ್ಲಿದ್ದರೆ ಕಟ್ಟಿಬಿಡಿ. ಪ್ರಮಾಣಪತ್ರ ಇಲ್ಲ, ಹ್ಯಾಶ್ ಇಲ್ಲ ಅಂತ ಅರ್ಧ ದಿನದ ಸಂಬಳ ಕಳೆದುಕೊಂಡು ಕೋರ್ಟಿಗೆ ಅಲೆಯುವುದರಲ್ಲಿ ಅರ್ಥ ಇಲ್ಲ. ನನ್ನ ಲೆಕ್ಕದಲ್ಲಿ ಕೊನೆಯವರೆಗೆ ಹೋಗಬೇಕಾದದ್ದು ಎರಡೇ ಸಂದರ್ಭದಲ್ಲಿ: ಗಾಡಿ ನಿಮ್ಮದಲ್ಲದಿದ್ದಾಗ, ಇಲ್ಲವೇ ಡಿಎಲ್‌ಗೆ ಕುತ್ತು ಬರುವ ಆರೋಪ ಸುಳ್ಳಾಗಿದ್ದಾಗ.

ಠಾಣೆಯವರು 'ರದ್ದು ಮಾಡಿದ್ದೀವಿ' ಅಂತ ಬಾಯಲ್ಲಿ ಹೇಳಿದರೆ ಸಾಲದು. ವಾರ ಬಿಟ್ಟು ಸಂಚಾರ ಪೊಲೀಸರ ತಾಣದಲ್ಲೂ ಪರಿವಾಹನ್ ತಾಣದಲ್ಲೂ ಎರಡೂ ಕಡೆ ನಂಬರ್ ಹಾಕಿ ನೋಡಿ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಉಳಿದಿರಬಹುದು. ಎರಡರಲ್ಲೂ ಬಾಕಿ ಇಲ್ಲ ಅಂತ ಬಂದ ಪುಟದ ಪ್ರಿಂಟ್ ತೆಗೆದು, ಸೀಲು ಹಾಕಿಸಿದ ಅರ್ಜಿಯ ಜೊತೆ ಆರ್‌ಸಿ ಇಡುವ ಫೈಲಿನಲ್ಲೇ ಇಡಿ. ಗಾಡಿ ಮಾರುವ ದಿನ ಕೊಳ್ಳುವವರು ಕೇಳುತ್ತಾರೆ.